ಬೇರಿನ ಮುಪ್ಪು

ಪೈರು ಮುದಿಯಾಗುವುದನ್ನು ನಾವು ಎಲೆಯನ್ನು ನೋಡಿ ತಿಳಿಯುವುದು ವಾಡಿಕೆ. ಬುಡದ ಎಲೆಗಳು ಹಳದಿಗೆ ತಿರುಗಿದರೆ ಪೈರಿಗೆ ವಯಸ್ಸಾಯಿತೆಂತಲೂ, ತೆನೆಗೆ ಹತ್ತಿರದ ಎಲೆ ಒಣಗಿದರೆ ಕೊಯ್ಲು ಸಮೀಪಿಸಿತೆಂತಲೂ ಹೇಳುತ್ತೇವೆ. ನೆಲದ ಮೇಲಿನ ಭಾಗಕ್ಕೆ ಸಲ್ಲುವ ಈ ಲಕ್ಷ್ಯವು ನೆಲದೊಳಗಿನ ಭಾಗಕ್ಕೆ ಸಲ್ಲುವುದು ಅಪೂರ್ವ. ಬೇರಿಗೂ ಬಾಲ್ಯ, ಯೌವನ, ವಾರ್ಧಕ್ಯಗಳುಂಟು. ಅನೇಕ ವೇಳೆ ಎಲೆಗಿಂತ ಮೊದಲೇ ಬೇರು ಮುಪ್ಪಿಗೆ ಬೀಳುತ್ತದೆ. ಎಲೆಯಲ್ಲಿ ಕಾಣುವ ಹಳದಿಯು ಬೇರಿನಲ್ಲಿ ಹಿಂದೆಯೇ ನಡೆದುಹೋದ ಕಾರ್ಯದ ವರ್ತಮಾನವನ್ನು ತಡವಾಗಿ ತಿಳಿಸುತ್ತದೆ.

ಕೆಲವು ಬತ್ತದ ಗದ್ದೆಗಳಲ್ಲಿ ಪೈರು ನಾಟಿಯಿಂದ ಹೊಡೆಯವರೆಗೆ ಸೊಗಸಾಗಿ ಬೆಳೆದು, ತೆಂಡೆಯಲ್ಲಿ ಯಾವ ಕೊರತೆಯನ್ನೂ ತೋರದೆ, ಕಡೆಗೆ ಕಾಳು ಕಟ್ಟುವ ಕಾಲದಲ್ಲಿ ಸೊರಗಿ ಜೊಳ್ಳನ್ನು ಕೊಡುವುದುಂಟು. ಜಪಾನು ದೇಶದಲ್ಲಿ ಇಂಥ ರೋಗವೊಂದಕ್ಕೆ ‘ಅಕಿ-ಓಚಿ’ ಎಂದು ಹೆಸರು. ಶರತ್ಕಾಲದ ಇಳಿತವೆಂದು ಅದರ ಅರ್ಥ. ಗೊಬ್ಬರ ಸಾಲದಾಯಿತೆಂದು ಇಂಥ ಗದ್ದೆಗೆ ಮತ್ತಷ್ಟು ಗೊಬ್ಬರವನ್ನು ಚೆಲ್ಲುವುದು ಸಹಜವೇ ಸರಿ. ಆದರೆ ಉಣ್ಣುವ ಬಾಯಿಯೇ ಮುಚ್ಚಿದ್ದರೆ ಬಡಿಸಿದ ಅನ್ನದಿಂದ ಏನು ಪ್ರಯೋಜನ? ಇಲ್ಲಿ ವಿಚಾರಿಸತಕ್ಕದ್ದು ಬೇರಿನ ವಯಸ್ಸನ್ನು. ಬೇರಿನ ವಯಸ್ಸಾದರೋ ದಿನಗಳ ಲೆಕ್ಕಕ್ಕಿಂತ ಅದರ ಉಸಿರಾಟದ ಲೆಕ್ಕದಿಂದ ಸರಿಯಾಗಿ ತಿಳಿಯುತ್ತದೆ. ಆ ಉಸಿರಾಟ ನಡೆಯುವ ಸ್ಥಾನ ಯಾವುದು, ವಯಸ್ಸಾದಂತೆ ಅಲ್ಲಿ ಏನು ಮಾರ್ಪಾಡಾಗುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಬೇರನ್ನು ಮಣ್ಣಿನಿಂದ ಬಿಡಿಸಿ ತುದಿಯಿಂದ ಬುಡದವರೆಗೆ ನೋಡಿದರೆ ಅದರಲ್ಲಿ ಎಲ್ಲ ವಯಸ್ಸುಗಳೂ ಒಟ್ಟಿಗೆ ಇರುತ್ತವೆ. ತುದಿಯಲ್ಲಿ ಟೊಪ್ಪಿಗೆಯಂತೆ ಒಂದು ಕವಚ. ಅದರ ಹಿಂದೆ ಜೀವಕೋಶಗಳು ಎಡೆಬಿಡದೆ ಒಡೆದು ಎರಡಾಗುವ ಚಿಕ್ಕ ಪ್ರದೇಶ. ಅದರ ಹಿಂದೆ ಅವು ಉದ್ದವಾಗುವ ಪ್ರದೇಶ. ಅನಂತರ ಬೇರುಗೂದಲುಗಳ ಪ್ರದೇಶ. ಅದಕ್ಕೂ ಹಿಂದೆ ಗೂದಲು ಉದುರಿ ಕಂದುಬಣ್ಣಕ್ಕೆ ತಿರುಗಿದ ಹಳೆಯ ಭಾಗ. ತುದಿಯು ಮುಂದಕ್ಕೆ ಸಾಗಿದಂತೆಲ್ಲ ಇಂದಿನ ಎಳೆಯ ಭಾಗವು ನಾಳೆ ನಡುವಯಸ್ಸಿನ ಭಾಗವಾಗುತ್ತದೆ. ಮನುಷ್ಯನ ದೇಹದಲ್ಲಿ ಬಾಲ್ಯ ಕಳೆದ ಮೇಲೆ ವಾರ್ಧಕ್ಯ ಬರುತ್ತದೆ; ಬೇರಿನಲ್ಲಿ ಬಾಲ್ಯವೂ ವಾರ್ಧಕ್ಯವೂ ಕೆಲವು ಅಂಗುಲಗಳ ಅಂತರದಲ್ಲಿ ಏಕಕಾಲಕ್ಕೆ ವಾಸಿಸುತ್ತವೆ. ಆದಕಾರಣ ಬೇರು ಎಳೆಯದೋ ಮುದಿಯದೋ ಎಂದು ಕೇಳುವುದಕ್ಕಿಂತ, ಎಳೆಯ ಭಾಗವು ಹಳೆಯ ಭಾಗಕ್ಕೆ ಯಾವ ಪ್ರಮಾಣದಲ್ಲಿದೆ ಎಂದು ಕೇಳುವುದು ಯುಕ್ತ.

ನೀರನ್ನೂ ಸಾರವನ್ನೂ ಹೀರುವುದರಲ್ಲಿ ಹೆಚ್ಚಿನ ಪಾಲು ಎಳೆಯ ಭಾಗದ್ದು. ಬೇರುಗೂದಲಿನ ಆಯುಸ್ಸು ಸಾಮಾನ್ಯವಾಗಿ ಕೆಲವು ದಿನಗಳಿಂದ ಎರಡು ಮೂರು ವಾರ. ಇಷ್ಟು ಅಲ್ಪಾಯುಗಳಾದ ಅಂಗಗಳಿಂದ ಪೈರು ಜೀವನ ನಡೆಸಬೇಕಾದರೆ ಅವನ್ನು ಎಷ್ಟು ಸಂಖ್ಯೆಯಲ್ಲಿ ಹುಟ್ಟಿಸುತ್ತಿರಬೇಕೆಂಬುದನ್ನು ಅಮೆರಿಕದ ಡಿಟ್‌ಮರ್ ಎಂಬ ವಿಜ್ಞಾನಿ 1937ರಲ್ಲಿ ಪ್ರಕಟಿಸಿದ ಎಣಿಕೆಯಿಂದ ಊಹಿಸಬಹುದು. ಒಂದಡಿ ಚದರ, 22 ಅಂಗುಲ ಆಳದ ಪೆಟ್ಟಿಗೆಯಲ್ಲಿ ಒಂದೇ ಒಂದು ರೈ ಗಿಡವನ್ನು ನಾಲ್ಕು ತಿಂಗಳು ಬೆಳೆಸಿ, ಮಣ್ಣನ್ನು ತೊಳೆದು ಅಳೆದಾಗ, ಬೇರುಗಳ ಒಟ್ಟು ಉದ್ದವು ಸುಮಾರು 387 ಮೈಲಿ, ಅಂದರೆ 620 ಕಿಲೋಮೀಟರಿಗೂ ಮಿಗಿಲಾಗಿತ್ತು. ಬೇರುಗೂದಲುಗಳ ಸಂಖ್ಯೆ 1,400 ಕೋಟಿಯನ್ನು ಮೀರಿತ್ತು. ಸರಾಸರಿ ನೋಡಿದರೆ ಆ ಗಿಡವು ದಿನವೊಂದಕ್ಕೆ ಮೂರು ಮೈಲಿ ಹೊಸ ಬೇರನ್ನು ಬಿಡುತ್ತಿತ್ತೆಂದಾಯಿತು. ಒಂದೇ ಗಿಡಕ್ಕೆ ಒಂದು ಪೆಟ್ಟಿಗೆ ಮಣ್ಣು ದೊರೆತಿದ್ದರಿಂದ ಇಷ್ಟು ಬೆಳೆಯಿತೆಂಬುದು ನಿಜ. ಒತ್ತಾಗಿ ಬಿತ್ತಿದ ಹೊಲದಲ್ಲಿ ಗಿಡವೊಂದಕ್ಕೆ ಇಷ್ಟು ಬೇರನ್ನು ನಿರೀಕ್ಷಿಸಲಾಗದು. ಆದರೂ ಹಳೆಯದನ್ನು ಕೈಬಿಟ್ಟು ಹೊಸದನ್ನು ಹುಟ್ಟಿಸುತ್ತಿರುವುದೇ ಬೇರಿನ ಜೀವನಕ್ರಮವೆಂಬುದು ಇದರಿಂದ ವಿಶದವಾಗುತ್ತದೆ.

ಈ ಕೆಲಸಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ? ಎಲೆಯು ತಯಾರಿಸಿದ ಸಕ್ಕರೆಯು ಬೇರಿಗೆ ಇಳಿಯುತ್ತದೆ. ಬೇರು ಅದನ್ನು ಆಮ್ಲಜನಕದ ಸಹಾಯದಿಂದ ನಿಧಾನವಾಗಿ ದಹಿಸಿ ಇಂಗಾಲಾಮ್ಲವಾಯುವನ್ನು ಹೊರಬಿಡುತ್ತದೆ. ಜೀವಕೋಶದೊಳಗೆ ಈ ದಹನ ನಡೆಯುವ ಒಲೆಗಳಿಗೆ ಮೈಟೊಕಾಂಡ್ರಿಯಗಳೆಂದು ಹೆಸರು. 1898ರಲ್ಲಿ ಜರ್ಮನಿಯ ಬೆಂಡ ಎಂಬಾತನು ಗ್ರೀಕ್ ಭಾಷೆಯಿಂದ ತೆಗೆದು ಇಟ್ಟ ಈ ಹೆಸರಿಗೆ ನೂಲಿನಂತೆಯೂ ಕಾಳಿನಂತೆಯೂ ಇರುವುದೆಂದು ಅರ್ಥ. ಸೂಕ್ಷ್ಮದರ್ಶಕದಲ್ಲಿ ಇವು ಕೆಲವು ವೇಳೆ ದಾರದ ತುಂಡುಗಳಾಗಿಯೂ ಕೆಲವು ವೇಳೆ ಕಾಳುಗಳಾಗಿಯೂ ಕಾಣುತ್ತವೆ. ನೋಡುತ್ತಿರುವಂತೆಯೇ ಎರಡು ಕೂಡಿ ಒಂದಾಗುತ್ತವೆ, ಒಂದು ಒಡೆದು ಎರಡಾಗುತ್ತದೆ. ಒಂದೊಂದರ ದಪ್ಪವು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ಸಸ್ಯದ ಒಂದು ಜೀವಕೋಶದಲ್ಲಿ ಇಂಥವು ನೂರಾರು ಇರುತ್ತವೆ. ಒಳಗೆ ಮಡಿಕೆಮಡಿಕೆಯಾದ ಪೊರೆಯೊಂದುಂಟು. ದಹನದಿಂದ ಬಂದ ಶಕ್ತಿಯನ್ನು ಜೀವಕೋಶವು ಬಳಸಬಲ್ಲ ರೂಪಕ್ಕೆ ತರುವ ಯಂತ್ರಗಳು ಈ ಪೊರೆಯಲ್ಲಿ ನೆಟ್ಟಿರುತ್ತವೆ. ಗಾಳಿಯು ಚೆನ್ನಾಗಿ ಒದಗಿದಾಗ ದ್ರಾಕ್ಷಾಸಕ್ಕರೆಯ ಒಂದು ಅಣುವಿನಿಂದ ಶಕ್ತಿಯ ಸುಮಾರು 30 ನಾಣ್ಯಗಳು ದೊರೆಯುತ್ತವೆಂದು ಇಟ್ಟುಕೊಂಡರೆ, ಗಾಳಿಯಿಲ್ಲದೆ ಹುಳಿಸಿದಾಗ ದೊರೆಯುವುದು ಎರಡೇ. ಈ ಅಂತರವನ್ನು ವಾಚಕರು ನೆನಪಿನಲ್ಲಿಡಬೇಕು. ಬತ್ತದ ಗದ್ದೆಯ ಪ್ರಸ್ತಾಪ ಬಂದಾಗ ಇದರಿಂದ ಪ್ರಯೋಜನವಿದೆ.

ಬೇರಿನ ತುದಿಯ ಎಳೆಯ ಜೀವಕೋಶಗಳಲ್ಲಿ ಜೀವರಸವು ದಟ್ಟವಾಗಿದ್ದು ಮೈಟೊಕಾಂಡ್ರಿಯಗಳು ಒತ್ತೊತ್ತಾಗಿ ತುಂಬಿರುತ್ತವೆ. ಜೀವಕೋಶವು ಉದ್ದವಾಗುತ್ತ ಹೋದಂತೆ ಅದರ ನಡುವೆ ನೀರಿನ ಚೀಲವೊಂದು ಉಬ್ಬಿ, ಜೀವರಸವು ಗೋಡೆಯ ಪಕ್ಕಕ್ಕೆ ತೆಳುವಾದ ಪದರವಾಗಿ ಸರಿಯುತ್ತದೆ. ಆಗ ಒಂದು ಪ್ರಮಾಣದ ಬೇರಿಗೆ ಇಷ್ಟೆಂದು ಲೆಕ್ಕ ಹಾಕಿದರೆ ಉಸಿರಾಟವು ತುದಿಗಿಂತ ಬುಡದ ಕಡೆ ಬಹಳ ಕಡಮೆ. ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದುಂಟು. ಮೈಟೊಕಾಂಡ್ರಿಯಗಳಿಗೆ ಜೀವಕೋಶದ ಬೀಜಕೇಂದ್ರದಿಂದ ಪ್ರತ್ಯೇಕವಾದ ತಮ್ಮದೇ ಆನುವಂಶಿಕ ದ್ರವ್ಯವು, ಎಂದರೆ ಡಿ.ಎನ್.ಎ., ಇದೆ. 1990ರ ದಶಕದ ಆದಿಯಲ್ಲಿ ಜಪಾನಿನ ಕುರೊಯಿವ ಮತ್ತು ಅವರ ಸಹಚರರು ಸಾಸಿವೆಯ ಕುಲಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಬೇರಿನಲ್ಲಿ ಪರೀಕ್ಷಿಸಿ ನೋಡಿದಾಗ, ಈ ಡಿ.ಎನ್.ಎ.ಯ ತಯಾರಿಕೆಯು ಬೇರಿನ ತುದಿಗೆ ಅಂಟಿದ ಚಿಕ್ಕ ವಲಯದಲ್ಲಿಯೇ ಹೆಚ್ಚಾಗಿ ನಡೆಯುವುದೆಂದು ಕಂಡುಬಂದಿತು. ಅಲ್ಲಿಂದ ಹಿಂದೆ ಸರಿದ ಮೇಲೆ ಮೈಟೊಕಾಂಡ್ರಿಯಗಳು ಒಡೆದು ಸಂಖ್ಯೆಯಲ್ಲಿ ಹೆಚ್ಚುತ್ತವೆಯೇ ಹೊರತು ಡಿ.ಎನ್.ಎ. ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಇದ್ದುದನ್ನೇ ಹಂಚಿಕೊಳ್ಳುತ್ತ ಒಂದೊಂದರ ಪಾಲು ಕಿರಿದಾಗುತ್ತದೆ. ಅಣ್ಣತಮ್ಮಂದಿರು ಪಾಲಾಗುತ್ತ ಹೋದಂತೆ ತುಂಡಾಗುವ ಜಮೀನಿನ ಹಾಗೆ ಇದು. ಬಲಿತ ಜೀವಕೋಶದಲ್ಲಿ ಎಷ್ಟೋ ಮೈಟೊಕಾಂಡ್ರಿಯಗಳಿಗೆ ಪೂರ್ಣವಾದ ಒಂದು ಪ್ರತಿಯೂ ದಕ್ಕಿರುವುದಿಲ್ಲ. ಅವು ಆಗಾಗ್ಗೆ ಒಂದಕ್ಕೊಂದು ಕೂಡಿಕೊಂಡು ತಮ್ಮಲ್ಲಿರುವುದನ್ನು ಬದಲಾಯಿಸಿಕೊಳ್ಳುತ್ತವೆ.

ಬೇರಿನ ತುದಿಯಲ್ಲಿಯೇ ಇದಕ್ಕೆ ವ್ಯತಿರಿಕ್ತವಾದ ಒಂದು ಮೂಲೆಯೂ ಉಂಟು. 1950ರ ದಶಕದಲ್ಲಿ ಇಂಗ್ಲೆಂಡಿನ ಕ್ಲೋಸ್ ಎಂಬ ಸಸ್ಯಶಾಸ್ತ್ರಜ್ಞನು ಮುಸುಕಿನ ಜೋಳದ ಬೇರಿನ ತುದಿಯ ನಟ್ಟನಡುವೆ, ಸುತ್ತಲಿನ ಗಡಿಬಿಡಿಯಲ್ಲಿ ಸೇರದೆ ಬಹು ನಿಧಾನವಾಗಿ ಒಡೆಯುವ ಜೀವಕೋಶಗಳ ಗುಂಪನ್ನು ತೋರಿಸಿಕೊಟ್ಟನು. ಪಕ್ಕದ ಕವಚದ ಮೂಲಕೋಶಗಳು ಸುಮಾರು 12 ಗಂಟೆಗೊಮ್ಮೆ ಒಡೆದರೆ ಇವು ಒಡೆಯಲು 170 ಗಂಟೆಗಳಿಗೂ ಹೆಚ್ಚು ಕಾಲ ಬೇಕು. ಈ ಕೋಶಗಳ ಮೈಟೊಕಾಂಡ್ರಿಯಗಳೂ ಮಂದವಾಗಿಯೇ ಕೆಲಸಮಾಡುವುವೆಂದು 2006ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಬೇರಿನ ತುದಿಗೆ ಪೆಟ್ಟು ಬಿದ್ದಾಗ ಈ ಕೋಶಗಳು ಎಚ್ಚರಗೊಂಡು ಹೊಸ ತುದಿಯನ್ನು ಕಟ್ಟುತ್ತವೆ. ರೈತನು ಬೆಳೆಯನ್ನೆಲ್ಲ ಉಂಡರೂ ಬಿತ್ತನೆಯ ಬೀಜವನ್ನು ಮುಟ್ಟದೆ ಕಾಪಿಡುವ ಹಾಗೆ ಬೇರೂ ತನ್ನ ಬಿತ್ತನೆಯನ್ನು ಕಾಪಿಡುತ್ತದೆ.

ಇನ್ನು ಮುಪ್ಪಿನ ವಿಷಯ. ಬೇರಿನಲ್ಲಿ ಸಾಯುವ ಜೀವಕೋಶಗಳೆಲ್ಲ ನಷ್ಟವೆಂದು ತಿಳಿಯಬಾರದು. ನೀರನ್ನು ಮೇಲಕ್ಕೆ ಒಯ್ಯುವ ನಾಳಗಳು ಸತ್ತ ಜೀವಕೋಶಗಳ ಸಾಲುಗಳೇ. ಗೋಡೆಯನ್ನು ಗಟ್ಟಿಯಾಗಿ ಕಟ್ಟಿ ಮುಗಿಸಿ, ಒಳಗಿರುವುದನ್ನೆಲ್ಲ ತಾವೇ ಕರಗಿಸಿಕೊಂಡು, ಬರಿಯ ಕೊಳವೆಗಳಾಗಿ ಉಳಿದ ಮೇಲೆಯೇ ಅವುಗಳ ಉಪಯೋಗ ಆರಂಭವಾಗುವುದು. ಬಾರ್ಲಿ, ಗೋಧಿಗಳಲ್ಲಿ ಹೊರಗಿನ ತೊಗಟೆಯ ಕೋಶಗಳು ಕೆಲವೇ ವಾರಗಳಲ್ಲಿ ಕ್ಷಯಿಸಿ, ಒಳಗಿನ ನಾಳಗಳ ಕಂಬವು ಮಾತ್ರ ಜೀವದಿಂದಿರುತ್ತದೆ. ಇಂಥ ಬೇರು ತಾನು ಹೀರುವುದು ಬಹಳ ಕಡಮೆಯಾದರೂ, ಮುಂದಿನ ಎಳೆಯ ಭಾಗವು ಹೀರಿದುದನ್ನು ಸಾಗಿಸುವ ಹಾದಿಯಾಗಿ ಸೇವೆ ಸಲ್ಲಿಸುತ್ತದೆ. ತೊಗಟೆಯ ಕೋಶಗಳಿಗೆ ಉಣಿಸಬೇಕಾಗಿದ್ದ ಸಕ್ಕರೆಯೂ ಉಳಿಯುತ್ತದೆ. ಇದನ್ನು ಬೇರಿನ ಮಿತವ್ಯಯವೆನ್ನಬಹುದು.

ಕ್ಷಯಿಸುವ ಜೀವಕೋಶದಲ್ಲಿ ಮೈಟೊಕಾಂಡ್ರಿಯಗಳ ಪಾತ್ರವೂ ಮಾರ್ಪಡುತ್ತದೆ. ದಹನವು ಸರಿಯಾಗಿ ಸಾಗದೆ ತಡೆಯಾದಾಗ ಆಮ್ಲಜನಕದಿಂದ ತೀಕ್ಷ್ಣವಾದ ವಸ್ತುಗಳು ಹುಟ್ಟಿ ಪೊರೆಯನ್ನು ಸುಡುತ್ತವೆ. ಇದನ್ನು ತಪ್ಪಿಸಲು ಸಸ್ಯಗಳ ಮೈಟೊಕಾಂಡ್ರಿಯಗಳಲ್ಲಿ ಒಂದು ಕೋಡಿಯನ್ನು ಇಟ್ಟಂತಿದೆ. ಕೆರೆ ತುಂಬಿದಾಗ ಏರಿ ಒಡೆಯದಂತೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದುಹೋಗುವಂತೆ, ಈ ಬೇರೆ ದಾರಿಯಲ್ಲಿ ಹರಿದ ಶಕ್ತಿಯು ಬಿಸಿಯಾಗಿ ಹೊರಟುಹೋಗುತ್ತದೆ. ಪೊರೆ ಉಳಿಯುತ್ತದೆ, ಆದರೆ ಕೋಡಿಯಲ್ಲಿ ಹೋದ ನೀರು ಗದ್ದೆಗೆ ದಕ್ಕುವುದಿಲ್ಲ. ಕಡೆಯ ಘಟ್ಟದಲ್ಲಿ ಮೈಟೊಕಾಂಡ್ರಿಯಗಳು ಊದಿಕೊಂಡು, ಗುಂಪುಗೂಡಿ, ಒಳಗಿನ ವಸ್ತುಗಳನ್ನು ಸೋರಿಬಿಟ್ಟು, ಜೀವಕೋಶದ ಸಾವಿಗೆ ಸೂಚನೆ ಕೊಡುವುದನ್ನೂ ಕೆಲವು ಸಸ್ಯಗಳಲ್ಲಿ ಕಂಡಿದ್ದಾರೆ.

ಉಸಿರಾಡುವ ಬೇರನ್ನು ಉಸಿರಾಡದ ಬೇರಿನಿಂದ ಬಣ್ಣದಿಂದಲೇ ಬೇರ್ಪಡಿಸುವ ಕ್ರಮವೊಂದು ಪ್ರಯೋಗಶಾಲೆಗಳಲ್ಲಿದೆ. 1940ರ ದಶಕದಲ್ಲಿ ಜರ್ಮನಿಯ ಲಾಕನ್ ಎಂಬಾತನು ಬೀಜಗಳ ಜೀವವನ್ನು ಪರೀಕ್ಷಿಸುವುದಕ್ಕಾಗಿ ಬಳಕೆಗೆ ತಂದ ಟೆಟ್ರಜೋಲಿಯಂ ಲವಣವೇ ಇದಕ್ಕೂ ಸಾಧನ. ಬಣ್ಣವಿಲ್ಲದ ಈ ದ್ರಾವಣದಲ್ಲಿ ಬೇರನ್ನು ಅದ್ದಿಟ್ಟರೆ ಉಸಿರಾಟ ನಡೆಯುವ ಭಾಗಗಳು ಕೆಂಪಾಗುತ್ತವೆ. ಸತ್ತ ಭಾಗ ಬಣ್ಣ ಹಿಡಿಯುವುದಿಲ್ಲ.

ಇದೆಲ್ಲವೂ ವಯಸ್ಸಿಗೆ ತಕ್ಕ ಸಹಜವಾದ ಮುಪ್ಪಿನ ಮಾತಾಯಿತು. ರೈತನಿಗೆ ನಷ್ಟವನ್ನು ತರುವುದು ಅಕಾಲದ ಮುಪ್ಪು. ಅದು ಬತ್ತದ ಗದ್ದೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು. ನೀರು ಕಟ್ಟಿದ ಕೆಸರಿನಲ್ಲಿ ಮೇಲಿನ ತೆಳುವಾದ ಪದರವೊಂದನ್ನು ಬಿಟ್ಟರೆ ಕೆಳಗೆ ಆಮ್ಲಜನಕವು ಒಂದೆರಡು ದಿನಗಳಲ್ಲಿ ಮುಗಿದುಹೋಗುತ್ತದೆ. ಮುಸುಕಿನ ಜೋಳದ ಬೇರು ಇಂಥ ಕಡೆ ಬಹಳ ಕಾಲ ಬದುಕಲಾರದು. ಮೂವತ್ತು ನಾಣ್ಯಗಳ ಜಾಗದಲ್ಲಿ ಎರಡರಿಂದ ಸಂಸಾರ ನಡೆಯಬೇಕಷ್ಟೆ. ಬತ್ತವಾದರೋ ತನ್ನ ತೊಗಟೆಯ ಕೆಲವು ಕೋಶಗಳನ್ನು ಕ್ರಮವಾಗಿ ಕೊಂದು ಆ ಜಾಗದಲ್ಲಿ ಗಾಳಿಯ ಓಣಿಗಳನ್ನು ಮಾಡಿಕೊಳ್ಳುತ್ತದೆ. ಎಲೆಯಿಂದ ಇಳಿದ ಆಮ್ಲಜನಕವು ಈ ಓಣಿಗಳಲ್ಲಿ ಬೇರಿನ ತುದಿಯವರೆಗೆ ಹೋಗಿ ಮೈಟೊಕಾಂಡ್ರಿಯಗಳಿಗೆ ಒದಗುತ್ತದೆ. ಮಿಕ್ಕುದು ಹೊರಕ್ಕೆ ಸೋರಿ ಬೇರಿನ ಸುತ್ತಲಿನ ಮಣ್ಣನ್ನೂ ಶುದ್ಧಿಮಾಡುತ್ತದೆ. ಗದ್ದೆಯ ಬೇರಿನ ಮೇಲೆ ಕಾಣುವ ಕೆಂಗಂದು ಲೇಪವು ಹೀಗೆ ಸೋರಿದ ಆಮ್ಲಜನಕದಿಂದ ಉಂಟಾದ ಕಬ್ಬಿಣದ ತುಕ್ಕು.

ಗಾಳಿ ತಪ್ಪಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಮೊದಲು ನೈಟ್ರೇಟನ್ನೂ ಅನಂತರ ಕಬ್ಬಿಣವನ್ನೂ ಕಡೆಗೆ ಗಂಧಕದ ಲವಣಗಳನ್ನೂ ಹಿಡಿಯುತ್ತವೆ. ಗಂಧಕದ ಸರದಿ ಬಂದಾಗ ಕೊಳೆತ ಮೊಟ್ಟೆಯ ವಾಸನೆಯುಳ್ಳ ಹೈಡ್ರೊಜನ್ ಸಲ್ಫೈಡ್ ವಾಯುವು ಹುಟ್ಟುತ್ತದೆ. ಮೈಟೊಕಾಂಡ್ರಿಯಗಳೊಳಗೆ ಆಮ್ಲಜನಕವನ್ನು ಹಿಡಿದು ದಹನವನ್ನು ಪೂರೈಸುವ ಕಟ್ಟಕಡೆಯ ಕಿಣ್ವಕ್ಕೆ ಈ ವಾಯು ನೇರವಾದ ವಿಷ. ಸೈನೈಡು ತಡೆಯುವ ಜಾಗವನ್ನೇ ಇದೂ ತಡೆಯುತ್ತದೆ. ಓಣಿಯಲ್ಲಿ ಗಾಳಿ ಇದ್ದರೂ ಒಲೆ ಉರಿಯದು. ಬೇರಿನ ಉಸಿರಾಟ ತಗ್ಗುತ್ತದೆ. ಪೊಟ್ಯಾಷು, ರಂಜಕಗಳನ್ನು ಹೀರುವ ಶಕ್ತಿ ಕುಂದುತ್ತದೆ. ವಾರಗಳ ಮೇಲೆ ಬರಬೇಕಾದ ಮುಪ್ಪು ದಿನಗಳಲ್ಲಿ ಬರುತ್ತದೆ. ಮಣ್ಣಿನಲ್ಲಿ ಕಬ್ಬಿಣ ಸಾಕಷ್ಟಿದ್ದರೆ ಅದು ಈ ವಿಷವನ್ನು ಕಟ್ಟಿಹಾಕಿ ಕಪ್ಪುಬಣ್ಣದ ವಸ್ತುವನ್ನಾಗಿ ಮಾಡುತ್ತದೆ. ಜಪಾನಿನ ಅಕಿ-ಓಚಿಯು ಹೆಚ್ಚಾಗಿ ತೋರಿದುದು ಕಬ್ಬಿಣವು ತೊಳೆದುಹೋದ ಗದ್ದೆಗಳಲ್ಲಿಯೇ. ನಮ್ಮ ಕರಾವಳಿಯ ಜಂಬಿಟ್ಟಿಗೆಯ ಸೀಮೆಯ ತಗ್ಗುಗದ್ದೆಗಳಲ್ಲಿ ಇದಕ್ಕೆ ವಿರುದ್ಧವಾಗಿ ಕಬ್ಬಿಣವೇ ಅತಿಯಾಗಿ ಎಲೆಗೆ ಕಂದುಚುಕ್ಕೆ ಬೀಳುವುದುಂಟು. ಅದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಈ ಕೇಡು ಹೊಡೆಯ ಅನಂತರವೇ ಏಕೆ ಬಯಲಾಗಬೇಕು? ಬತ್ತವು ತೆಂಡೆ ಹೊಡೆಯುವ ಕಾಲದಲ್ಲಿ ಗಿಣ್ಣುಗಿಣ್ಣಿಗೂ ಹೊಸ ಬೇರನ್ನು ಬಿಡುತ್ತಿರುತ್ತದೆ. ಒಂದು ಕೆಟ್ಟರೆ ಮತ್ತೊಂದು ಅದರ ಕೆಲಸವನ್ನು ವಹಿಸಿಕೊಳ್ಳುತ್ತದೆ. ಹೊಡೆ ಹೊರಡುವ ಹೊತ್ತಿಗೆ ಬೇರಿನ ಮೊತ್ತವು ತನ್ನ ಪರಮಾವಧಿಯನ್ನು ಮುಟ್ಟಿರುತ್ತದೆ. ಆಮೇಲೆ ಸಕ್ಕರೆಯೆಲ್ಲ ಕಾಳಿನ ಕಡೆ ಹರಿಯುವುದರಿಂದ ಬೇರಿಗೆ ದಕ್ಕುವುದು ಸ್ವಲ್ಪ. ಹೊಸ ಬೇರುಗಳು ಹುಟ್ಟುವುದೂ ಅಪರೂಪ. ಸುಮಾರು ಮೂವತ್ತು ದಿನ ಹಳೆಯ ಬೇರುಗಳಿಂದಲೇ ಸಾಗಬೇಕು. ಅಲ್ಲದೆ ಬೇರು ಎಲೆಗೆ ಕಳುಹಿಸುವುದು ನೀರು ಸಾರಗಳನ್ನು ಮಾತ್ರವೇ ಅಲ್ಲ. ಸೈಟೊಕೈನಿನ್ ಎಂಬ ವರ್ಗದ ಚೋದಕ ದ್ರವ್ಯಗಳು ಬೇರಿನಲ್ಲಿ ತಯಾರಾಗಿ ಮೇಲೇರುತ್ತವೆ. ಕಿತ್ತ ಎಲೆಗೆ ಈ ವರ್ಗದ ಕೈನೆಟಿನ್ ಎಂಬ ವಸ್ತುವನ್ನು ಕೊಟ್ಟರೆ ಅದು ಹಳದಿಯಾಗುವುದು ತಡವಾಗುವುದೆಂದು ರಿಚ್ಮಂಡ್ ಮತ್ತು ಲ್ಯಾಂಗ್ ಎಂಬವರು 1957ರಲ್ಲಿ ತೋರಿಸಿದರು. ಬೇರು ಕುಂದಿದರೆ ಎಲೆ ಬೇಗ ಮುದಿಯಾಗುತ್ತದೆ. ಎಲೆ ಮುದಿಯಾದರೆ ಬೇರಿಗೆ ಸಕ್ಕರೆ ನಿಲ್ಲುತ್ತದೆ. ಎರಡೂ ಸೇರಿ ಕಾಳಿಗೆ ಕೊರತೆಯಾಗುತ್ತದೆ.

ಆದುದರಿಂದ ಮಾಡತಕ್ಕ ಉಪಾಯಗಳೆಲ್ಲ ಹೊಡೆಗೆ ಮೊದಲೇ ನಡೆಯಬೇಕು. ಹೊಂಗೆ ಸೊಪ್ಪು, ಡಯಂಚ, ಸೆಣಬು ಮುಂತಾದ ಹಸುರು ಗೊಬ್ಬರವನ್ನು ನಾಟಿಗೆ ಒಂದೆರಡು ವಾರ ಮೊದಲೇ ತುಳಿದು ಕೊಳೆಯಿಸಬೇಕು. ಹಿಂದಿನ ದಿನ ಸೊಪ್ಪನ್ನು ತುಳಿದು ಮಾರನೆಯ ದಿನ ನಾಟಿಮಾಡಿದರೆ, ಸೊಪ್ಪು ಕೊಳೆಯುವ ಬಿರುಸಿನಲ್ಲಿ ಮಣ್ಣಿನ ಆಮ್ಲಜನಕವೆಲ್ಲ ಮುಗಿದು, ಎಳೆಯ ಬೇರು ವಿಷದ ನಡುವೆ ಹುಟ್ಟಬೇಕಾಗುತ್ತದೆ. ಇನ್ನೊಂದು ಉಪಾಯವು ನಡುಗಾಲದಲ್ಲಿ ನೀರನ್ನು ಬಿಡುವುದು. ತೆಂಡೆ ಹೊಡೆಯುವುದು ಮುಗಿದು ತೆನೆಯ ಮೊಳಕೆ ಒಳಗೆ ಹುಟ್ಟುವುದಕ್ಕೆ ಮೊದಲು ಒಂದು ವಾರ ಅಥವಾ ಹತ್ತು ದಿನ ಗದ್ದೆಯನ್ನು ಬಸಿದು, ನೆಲದಲ್ಲಿ ಕೂದಲಿನಂಥ ಬಿರುಕು ಕಾಣುವಷ್ಟು ಆರಗೊಟ್ಟರೆ, ಗಾಳಿಯು ಒಳಹೊಕ್ಕು ವಿಷವಾಯು ಹಾರಿಹೋಗುತ್ತದೆ. ಬೇರುಗಳು ಆಳಕ್ಕೆ ಇಳಿಯುತ್ತವೆ. ಜಪಾನಿನ ರೈತರಿಗೆ ಇದು ಚಿರಪರಿಚಿತವಾದ ಪದ್ಧತಿ. ತೂತುಗಳುಳ್ಳ ಕೊಳವೆಯನ್ನು ಗದ್ದೆಯಲ್ಲಿ ಹೂತು, ಒಳಗಿನ ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರು ಕೆಳಕ್ಕೆ ಇಳಿದಾಗ ಮತ್ತೆ ನೀರು ಹಾಯಿಸುವ ಕ್ರಮವನ್ನು ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯವರು ಪ್ರಚಾರಮಾಡಿದ್ದಾರೆ. ನೀರಿನ ಉಳಿತಾಯವೂ ಆಗುವುದರಿಂದ ಇದು ನಮ್ಮಲ್ಲಿಯೂ ಅನುಸರಿಸತಕ್ಕದ್ದೇ. ಆದರೆ ಹೊಡೆಯಿಂದ ಹೂವಿನವರೆಗೆ ಗದ್ದೆಯನ್ನು ಒಣಗಿಸಿದರೆ ಉಪಾಯಕ್ಕಿಂತ ಅಪಾಯವೇ ಹೆಚ್ಚು. ನಾಲೆಯ ಕೊನೆಯ ಭಾಗದ ಗದ್ದೆಯವರು ಬಿಟ್ಟ ನೀರು ಮತ್ತೆ ಕಾಲಕ್ಕೆ ಸರಿಯಾಗಿ ದೊರೆಯುವುದೆಂಬ ಭರವಸೆಯಿಲ್ಲದೆ ತೂಬನ್ನು ತೆಗೆಯಕೂಡದು.

ಹಳೆಯ ಬೇರಿನ ಆಸೆಯನ್ನು ಬಿಟ್ಟು ಹೊಸದನ್ನು ಹುಟ್ಟಿಸುವ ಜಾಣತನವು ನಮ್ಮ ಒಕ್ಕಲುಮಕ್ಕಳಿಗೆ ಹೊಸದೇನಲ್ಲ. ಹಾವೇರಿಯ ಕಡೆಯ ಗುಳಿ ರಾಗಿಯ ಪದ್ಧತಿಯಲ್ಲಿ, ಗುಳಿಯಲ್ಲಿ ನೆಟ್ಟ ಸಸಿಗಳು ಹಿಡಿದ ಮೇಲೆ ಕೊರಡೆಂಬ ಮರದ ಸಾಧನವನ್ನು ಅವುಗಳ ಮೇಲೆಯೇ ಎಳೆಯುವರು. ನೋಡುವವರಿಗೆ ಎದೆ ಝಲ್ಲೆನ್ನುವಂತಿದ್ದರೂ, ಬಾಗಿ ಜಜ್ಜಿದ ಬುಡದಿಂದ ಹೊಸ ಬೇರುಗಳೂ ಹೊಸ ತೆಂಡೆಗಳೂ ಹೇರಳವಾಗಿ ಹೊರಡುತ್ತವೆ. ಕಬ್ಬಿನಲ್ಲಿ ತುಂಡಿನಿಂದ ಬಂದ ಬೇರುಗಳು ಕೆಲವು ವಾರ ಸೇವೆಮಾಡಿ ಕಳೆದುಹೋಗಿ, ಮೊಳಕೆಯ ಬುಡದ ಬೇರುಗಳು ಅವುಗಳ ಸ್ಥಾನಕ್ಕೆ ಬರುತ್ತವೆ. ಕೂಳೆ ಬೆಳೆಯಲ್ಲಿಯೂ ಇದೇ ನಿಯಮ: ಕಟಾವಿನ ಹಿಂದೆಯೇ ಕೂಳೆಯನ್ನು ನೆಲಮಟ್ಟಕ್ಕೆ ಸವರಿ, ಸಾಲಿನ ಎರಡು ಪಕ್ಕಗಳನ್ನೂ ಒಡೆದು ಹಳೆಯ ಬೇರನ್ನು ಕತ್ತರಿಸಿದರೆ, ಹೊಸ ಮೊಳಕೆಗಳು ನೆಲದೊಳಗಿನಿಂದ ಎದ್ದು ತಮ್ಮ ಬೇರನ್ನು ಆಳದಲ್ಲಿ ಊರುತ್ತವೆ. ತೆಂಗಿನ ಬೇರಿಗೆ ಗೂದಲೂ ಇಲ್ಲ, ಹುಟ್ಟಿದ ಮೇಲೆ ದಪ್ಪನಾಗುವ ಶಕ್ತಿಯೂ ಇಲ್ಲ. ಬೊಡ್ಡೆಯಿಂದ ವರ್ಷವರ್ಷವೂ ಹೊಸ ಬೇರುಗಳು ಹೊರಡುತ್ತಿರುವುದರಿಂದಲೇ ಮರವು ಬಹುಕಾಲ ಬಾಳುವುದು.

ತಮ್ಮ ಗದ್ದೆಯ ಬೇರಿನ ಸ್ಥಿತಿಯನ್ನು ತಿಳಿಯಲು ರೈತರಿಗೆ ಟೆಟ್ರಜೋಲಿಯಮ್ಮಿನ ಅಗತ್ಯವಿಲ್ಲ. ಹೊಡೆಗೆ ಒಂದು ತಿಂಗಳು ಮುಂಚೆ ಒಮ್ಮೆ, ಹಾಲುಗಾಳಿನ ಕಾಲದಲ್ಲಿ ಇನ್ನೊಮ್ಮೆ, ಗದ್ದೆಯ ನಾಲ್ಕಾರು ಕಡೆ ಬುಡವನ್ನು ಗುದ್ದಲಿಯಿಂದ ಮಣ್ಣುಸಮೇತ ಎತ್ತಿ, ನೀರಿನಲ್ಲಿ ಮೆಲ್ಲನೆ ಅಲ್ಲಾಡಿಸಿ ನೋಡಬೇಕು. ಬಿಳಿಯ ಬೇರು ಎಳೆಯದು, ಚೆನ್ನಾಗಿ ಉಸಿರಾಡುತ್ತಿರುವುದು. ಕೆಂಗಂದು ಬೇರು ವಯಸ್ಸಾದುದು, ಆದರೆ ಆರೋಗ್ಯವಾಗಿರುವುದು. ಅದನ್ನು ಕಂಡು ಹೆದರಬೇಕಾದುದಿಲ್ಲ. ಕಪ್ಪು ಬೇರು ಮಣ್ಣಿನಲ್ಲಿ ಗಂಧಕದ ವಿಷವು ಹುಟ್ಟುತ್ತಿರುವುದನ್ನು ತಿಳಿಸುತ್ತದೆ. ಬೂದುಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ದುರ್ವಾಸನೆ ಹೊಡೆಯುವ ಬೇರು ಸತ್ತದ್ದು. ಮೊದಲ ಪರೀಕ್ಷೆಯಲ್ಲಿ ಕಪ್ಪು ಹೆಚ್ಚಾಗಿ ಕಂಡರೆ ಗದ್ದೆಯನ್ನು ಬಸಿಯಲು ಇನ್ನೂ ಅವಕಾಶವಿದೆ. ಎರಡನೆಯದರಲ್ಲಿ ಕಂಡದ್ದು ಮುಂದಿನ ವರ್ಷದ ಉಪಯೋಗಕ್ಕೆ. ಪರೀಕ್ಷೆಯನ್ನು ಬದುವಿನ ಮೇಲೆ ನಿಂತು ಕೂಡಲೇ ಮಾಡತಕ್ಕದ್ದು. ಬುಡವನ್ನು ಮನೆಗೆ ತಂದು ನಿಧಾನವಾಗಿ ನೋಡೋಣವೆಂದರೆ, ಅಷ್ಟರಲ್ಲಿ ಗಾಳಿ ತಗುಲಿ ಕಪ್ಪು ಮಾಸಿ ಕಂದಾಗಿರುತ್ತದೆ.